ಜಿಲ್ಲೆಗೊಂದು ಮುನ್ಸೂಚನೆ, ಹೋಬಳಿಗೊಂದು ಮಳೆ

ಏಪ್ರಿಲ್‌ನಲ್ಲಿ ಹವಾಮಾನ ವರದಿಯನ್ನು ಬೈಯುವುದು ನಮ್ಮಲ್ಲಿ ಮಾವಿನಕಾಯಿ ಚಿತ್ರಾನ್ನದಷ್ಟೇ ಋತುಮಾನದ ಸಂಗತಿ. ‘ದಕ್ಷಿಣ ಒಳನಾಡಿನ ಕೆಲವೆಡೆ ಗುಡುಗು ಸಹಿತ ಮಳೆ’ ಎಂದು ಬೆಳಗಿನ ಪತ್ರಿಕೆಯಲ್ಲಿ ಓದಿ, ಮಹಡಿಯ ಮೇಲಿನ ಸಂಡಿಗೆ ಒಳಗೆ ತಂದು, ಸಂಜೆತನಕ ಮುಗಿಲು ನೋಡಿ, ಒಂದು ಹನಿಯೂ ಬೀಳದಿದ್ದಾಗ ಗೊಣಗದ ಮನೆ ಕಡಿಮೆ. ಅದೇ ಸಂಜೆ ಊರಿನ ಇನ್ನೊಂದು ತುದಿಯ ನೆಂಟರ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಿರುತ್ತದೆ. ಈ ಅಂಕಣದ ಓದುಗರಿಗೆ ನನ್ನ ಪಕ್ಷ ಗೊತ್ತೇ ಇದೆ. ಬೈಯುವವರ ಸಾಲಿನಲ್ಲಿ ನಾನಿಲ್ಲ. ಚೈತ್ರ-ವೈಶಾಖದ ಮಳೆಯ ಮುನ್ಸೂಚನೆ ಸುಳ್ಳಾಗುವುದಕ್ಕಿಂತ ಹೆಚ್ಚು ಸಲ ನಾವು ಅದನ್ನು ತಪ್ಪಾಗಿ ಓದುತ್ತೇವೆ. ಸರಿಯಾಗಿ ಓದಲು ಕಲಿತವರಿಗೆ ವರ್ಷದ ಯಾವ ಋತುವೂ ಈ ಮೂರು ತಿಂಗಳಷ್ಟು ಸೊಗಸಾದ ಓದನ್ನು ಕೊಡುವುದಿಲ್ಲ. ಮುಂಗಾರಿನದು ಒಂದೇ ರಾಗದ ಮಳೆ. ಮಾರ್ಚ್‌ನಿಂದ ಮೇವರೆಗಿನ ಮಳೆಗೆ ದಿನಕ್ಕೊಂದು ಬುದ್ಧಿ.

ಮೊದಲು ಪದಗಳ ಹಿಂದಿರುವ ಲೆಕ್ಕ. 1875ರಲ್ಲಿ ಹುಟ್ಟಿದ ಭಾರತೀಯ ಹವಾಮಾನ ಇಲಾಖೆ ದೇಶವನ್ನು 36 ಉಪವಿಭಾಗಗಳಾಗಿ ಹಂಚಿಕೊಂಡಿದೆ. ಕರ್ನಾಟಕಕ್ಕೆ ಸಿಕ್ಕಿರುವುದು ಮೂರು: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ದಕ್ಷಿಣ ಒಳನಾಡು ಎಂಬ ಒಂದೇ ಚೀಲದೊಳಗೆ ಕೊಡಗಿನ ಭಾಗಮಂಡಲವೂ ಇದೆ, ಚಿತ್ರದುರ್ಗದ ಚಳ್ಳಕೆರೆಯೂ ಇದೆ. ಇಷ್ಟು ದೊಡ್ಡ ಚೀಲಕ್ಕೆ ಒಂದೇ ಮಾತಿನಲ್ಲಿ ಭವಿಷ್ಯ ಹೇಳಬೇಕಾದ್ದರಿಂದ ಇಲಾಖೆ ತನ್ನ ಪದಗಳಿಗೆ ಅಳತೆ ಕಟ್ಟಿದೆ. ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಮಳೆ ನಿರೀಕ್ಷಿಸಿದರೆ ‘ಒಂದೆರಡು ಕಡೆ’, ಶೇ 26ರಿಂದ 50 ಆದರೆ ‘ಕೆಲವೆಡೆ’, ಶೇ 51ರಿಂದ 75 ಆದರೆ ‘ಹಲವೆಡೆ’, ಅದಕ್ಕೂ ಮೇಲಾದರೆ ‘ಬಹುತೇಕ ಕಡೆ’. ಈಗ ಸಂಡಿಗೆಯ ದಿನದ ಸಾಲನ್ನು ಮತ್ತೆ ಓದಿ. ‘ಕೆಲವೆಡೆ ಮಳೆ’ ಎಂದರೆ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕೇಂದ್ರಗಳು ಒಣಗಿರುತ್ತವೆ ಎಂಬ ಮಾತೂ ಅದರಲ್ಲೇ ಅಡಗಿದೆ. ‘ಒಂದೆರಡು ಕಡೆ’ ಎಂದಾಗಲಂತೂ ನಾಲ್ಕರಲ್ಲಿ ಮೂರು ಕಡೆ ಹನಿ ಬೀಳದಿದ್ದರೂ ಮುನ್ಸೂಚನೆ ಪೂರ್ತಿ ನಿಜವಾದಂತೆ. ನಿಮ್ಮ ಮನೆ ಆ ಮೂರರಲ್ಲಿ ಬಿದ್ದರೆ ಅದು ಇಲಾಖೆಯ ತಪ್ಪಲ್ಲ.

ಪ್ರಮಾಣದ ಪದಗಳಿಗೂ ಗೆರೆ ಇದೆ. ದಿನಕ್ಕೆ 2.5 ಮಿ.ಮೀ.ನಿಂದ 15.5 ಮಿ.ಮೀ.ವರೆಗೆ ಹಗುರ ಮಳೆ, ಅಲ್ಲಿಂದ 64.4ರವರೆಗೆ ಸಾಧಾರಣ, 64.5 ದಾಟಿದರೆ ಭಾರಿ, 115.6ರಿಂದ ಅತಿ ಭಾರಿ, 204.5 ಮತ್ತು ಅದರ ಮೇಲೆ ಅತ್ಯಂತ ಭಾರಿ. ದಿನ ಎಂದರೆ ಬೆಳಗ್ಗೆ 8.30ರಿಂದ ಮರುದಿನ ಬೆಳಗ್ಗೆ 8.30. ಹಾಗಾಗಿ ಮಂಗಳವಾರ ಸಂಜೆ ಸುರಿದದ್ದು ಬುಧವಾರದ ಮಳೆಯಾಗಿ ದಾಖಲಾಗುತ್ತದೆ. ‘ನಿನ್ನೆ ಸುರಿದ ಮಳೆಗೆ ಇವತ್ತಿನ ತಾರೀಖು ಹಾಕಿದ್ದಾರಲ್ಲ’ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಇನ್ನೊಂದು ಎಚ್ಚರ: ‘ಸಾಧಾರಣ’ ಎಂಬ ಪಟ್ಟಿಯ 40 ಮಿ.ಮೀ. ಮುಂಗಾರಿನಲ್ಲಿ ಇಡೀ ದಿನ ಜಿನುಗಬಹುದು. ಏಪ್ರಿಲ್‌ನಲ್ಲಿ ಅಷ್ಟೂ ನೀರು ಮುಕ್ಕಾಲು ಗಂಟೆಯಲ್ಲಿ ಬಂದು ಚರಂಡಿ ಉಕ್ಕಿಸಬಹುದು. ಪಟ್ಟಿ ಮಾತ್ರ ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತದೆ.

ಇನ್ನು ಮಳೆ ತರುವ ವ್ಯವಸ್ಥೆಗಳ ವಿಚಾರ. ದಿನದ ಬುಲೆಟಿನ್ನಿನಲ್ಲಿ ಜಿಲ್ಲೆಗಳ ಪಟ್ಟಿಗಿಂತ ಮೊದಲು ನಾನು ಹುಡುಕುವುದು ಒಂದು ಗೆರೆಯನ್ನು. ವಿದರ್ಭದಿಂದಲೋ ಮರಾಠವಾಡದಿಂದಲೋ ಹೊರಟು, ಕರ್ನಾಟಕದ ಒಳನಾಡನ್ನು ಉದ್ದಕ್ಕೆ ಸೀಳಿ, ತಮಿಳುನಾಡಿನವರೆಗೆ ಚಾಚಿಕೊಳ್ಳುವ ಟ್ರಫ್ ಅದು, ಅಂದರೆ ಕಡಿಮೆ ಒತ್ತಡದ ಪಟ್ಟಿ. ‘ಸಮುದ್ರಮಟ್ಟದಿಂದ 0.9 ಕಿ.ಮೀ. ಎತ್ತರದಲ್ಲಿ’ ಎಂಬ ಮಾತು ಅದರ ಜೊತೆಗೆ ಬರುವುದುಂಟು. ಬೆಂಗಳೂರಿನ ನೆಲವೇ ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ. ಚೆನ್ನೈನವರ ಪಾಲಿಗೆ ತಲೆಯ ಮೇಲಿನ ಗೆರೆಯಾದದ್ದು ನಮ್ಮ ಪಾಲಿಗೆ ಅಂಗಳದಲ್ಲೇ ಹಾದುಹೋಗುತ್ತದೆ. ಗೆರೆಯ ಪೂರ್ವಕ್ಕೆ ಬಂಗಾಳಕೊಲ್ಲಿಯ ತೇವ ಹೊತ್ತ ಆಗ್ನೇಯದ ಗಾಳಿ, ಪಶ್ಚಿಮಕ್ಕೆ ವಾಯವ್ಯದ ಗಾಳಿ. ಎರಡೂ ಎದುರುಬದುರಾದಲ್ಲಿ ಗಾಳಿಗೆ ಮೇಲೇರದೆ ದಾರಿಯಿಲ್ಲ. ಕೆಳಗೆ ಕಾದ ನೆಲ, ಮೇಲೆ ತಣ್ಣನೆಯ ಪದರ. ಮಧ್ಯಾಹ್ನ ಎರಡರ ಹೊತ್ತಿಗೆ ಹೂಕೋಸಿನಂತೆ ಉಬ್ಬಿದ ಮೋಡ ನಾಲ್ಕರ ಹೊತ್ತಿಗೆ 12 ಕಿ.ಮೀ. ಮೀರಿ ಬೆಳೆದು ನೆತ್ತಿ ಚಪ್ಪಟೆಯಾಗಿ ಹರಡಿಕೊಂಡಿರುತ್ತದೆ. ಗುಡುಗು, ಸಿಡಿಲು, ಆಲಿಕಲ್ಲು ಎಲ್ಲಕ್ಕೂ ತಾಯಿ ಅದೇ.

ಈ ಗೆರೆ ಒಂದೇ ಕಡೆ ನಿಲ್ಲುವುದಿಲ್ಲ ಎಂಬುದೇ ಆಟದ ಸ್ವಾರಸ್ಯ. ಪೂರ್ವಕ್ಕೆ ಸರಿದರೆ ಕೋಲಾರ, ಚಿಕ್ಕಬಳ್ಳಾಪುರ, ಅದರಾಚೆ ರಾಯಲಸೀಮೆಗೆ ಮಳೆಯೋಗ; ಪಶ್ಚಿಮಕ್ಕೆ ವಾಲಿದರೆ ಕೊಡಗು, ಹಾಸನ, ಚಿಕ್ಕಮಗಳೂರಿನ ಕಡೆ ಗುಡುಗು. ಕೊಲ್ಲಿಯಿಂದ ತೇವದ ಪೂರೈಕೆ ನಿಂತರೆ ಗೆರೆ ಇದ್ದೂ ಮಳೆಯಿಲ್ಲ, ಬರಿ ಸೆಕೆ. ಮೇ ತಿಂಗಳಲ್ಲಿ ಕೊಲ್ಲಿಯಲ್ಲಿ ಚಂಡಮಾರುತ ಎದ್ದು ಉತ್ತರಕ್ಕೆ ಸಾಗಿದರೆ ಅದು ಸುತ್ತಲಿನ ತೇವವನ್ನೆಲ್ಲ ತನ್ನತ್ತ ಸೆಳೆದುಕೊಂಡು ಒಳನಾಡನ್ನು ಒಣಗಿಸಿಬಿಡುವುದುಂಟು. ಅರಬ್ಬೀ ಸಮುದ್ರದಲ್ಲಿ ಎದ್ದದ್ದರ ನಡತೆ ಬೇರೆ. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ನಮ್ಮ ತೀರಕ್ಕೆ ಸಮಾನಾಂತರವಾಗಿ ಗುಜರಾತಿನತ್ತ ಸಾಗುವಾಗ ಕರಾವಳಿ ಮುಂಗಾರಿಗೂ ಮೊದಲೇ ಮುಂಗಾರಿನ ಮಳೆ ಕಂಡಿತು. ಆದ್ದರಿಂದ ‘ಚಂಡಮಾರುತ ಬಂದಿದೆ, ಮಳೆ ಬರುತ್ತದೆ’ ಎಂಬ ಚಹಾ ಅಂಗಡಿಯ ತೀರ್ಪಿಗೆ ತಲೆಯಾಡಿಸುವ ಮುನ್ನ ಅದು ಯಾವ ಸಮುದ್ರದ್ದು, ಯಾವ ಕಡೆಗೆ ಹೊರಟಿದೆ ಎಂದು ಕೇಳಿ.

ವ್ಯವಸ್ಥೆಯನ್ನು ಐದು ದಿನ ಮೊದಲೇ ಹೇಳಬಹುದು. ಅದರೊಳಗಿನ ಒಂದೊಂದು ಮೋಡವನ್ನು ಹೇಳಲಾಗದು. ಒಂಟಿ ಗುಡುಗುಮೋಡದ ಅಗಲ ಕೆಲವೇ ಕಿಲೋಮೀಟರ್, ಆಯುಷ್ಯ ಹೆಚ್ಚೆಂದರೆ ಒಂದು ಗಂಟೆ. ಸಾಯುವಾಗ ಅದು ತಣ್ಣನೆಯ ಗಾಳಿಯನ್ನು ನೆಲಕ್ಕೆ ಬಡಿದು ಸುತ್ತ ಚೆಲ್ಲುತ್ತದೆ. ಮಳೆಗೆ ಮೊದಲು ಕಿಟಕಿ ಬಡಿಯುವ ಗಾಳಿ ಅದೇ. ಎರಡು ಮೋಡಗಳು ಚೆಲ್ಲಿದ ಗಾಳಿ ಎಲ್ಲಿ ಡಿಕ್ಕಿ ಹೊಡೆಯುತ್ತದೋ ಅಲ್ಲಿ ಮೂರನೆಯದು ಹುಟ್ಟುತ್ತದೆ. ಈ ಡಿಕ್ಕಿ ಜಯನಗರದಲ್ಲೋ ಹೆಬ್ಬಾಳದಲ್ಲೋ ಎಂದು ಬೆಳಗ್ಗೆಯೇ ಹೇಳಬಲ್ಲ ಯಂತ್ರ ಜಗತ್ತಿನಲ್ಲಿ ಎಲ್ಲೂ ಇಲ್ಲ. ಮೊಬೈಲ್ ಆ್ಯಪ್‌ಗಳು ನಿಮ್ಮ ಬಡಾವಣೆಯ ಹೆಸರು ಹಾಕಿ ‘4 ಗಂಟೆಗೆ ಶೇ 60’ ಎಂದು ತೋರಿಸುವುದು ನನಗೆ ಸೇರದ್ದು ಇದಕ್ಕೇ. ಆ ಅಂಕಿಯ ಹಿಂದಿರುವ ಜಾಗತಿಕ ಮಾದರಿಗಳು ಭೂಮಿಯನ್ನು ಹತ್ತು ಕಿಲೋಮೀಟರ್ ಆಸುಪಾಸಿನ ಚೌಕಗಳಾಗಿ ಕಾಣುತ್ತವೆ. ಬಡಾವಣೆ ಅವುಗಳ ಕಣ್ಣಿಗೇ ಬೀಳುವುದಿಲ್ಲ. ನಮ್ಮದೇ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ 2025ರ ಮೇ ತಿಂಗಳಲ್ಲಿ 6 ಕಿ.ಮೀ. ಚೌಕಕ್ಕೆ ಇಳಿದದ್ದು ದೊಡ್ಡ ಹೆಜ್ಜೆ. ಆದರೂ ನಾನು ಹೇಳುತ್ತಿರುವ ಮೋಡ ಆ ಒಂದು ಚೌಕದೊಳಗೇ ಹುಟ್ಟಿ ಸಾಯಬಲ್ಲದು.

ಹಾಗಾದರೆ ದಿನವನ್ನು ಓದುವುದು ಹೇಗೆ? ನನ್ನ ಪದ್ಧತಿ ಹೀಗಿದೆ. ಐದು ದಿನದ ಮುನ್ಸೂಚನೆಯಿಂದ ‘ಯಾವ ದಿನ ಗೆರೆ ನಮ್ಮ ಮೇಲಿದೆ’ ಎಂಬುದನ್ನಷ್ಟೇ ತೆಗೆದುಕೊಳ್ಳುತ್ತೇನೆ. ಆ ದಿನ ಬೆಳಗ್ಗೆ ಗಾಳಿಯಲ್ಲಿ ಅಂಟು ಇದೆಯೇ, ಗಾಳಿ ಮೂಡಣದ್ದೇ ಎಂದು ನೋಡುತ್ತೇನೆ. ಹನ್ನೊಂದು ಗಂಟೆಗೆ ಆಕಾಶ ಬೋಳಾಗಿದ್ದರೂ ಚಿಂತೆಯಿಲ್ಲ. ಒಂದು ಗಂಟೆಗೆ ಮೋಡಗಳು ಅಗಲಕ್ಕಿಂತ ಎತ್ತರ ಹೆಚ್ಚು ಬೆಳೆಯುತ್ತಿದ್ದರೆ ಬಟ್ಟೆ ಒಳಗೆ. ಮೂರರಿಂದ ಎಂಟು ಗಂಟೆಯೊಳಗೆ ಇಲಾಖೆ ಹೊರಡಿಸುವ ಮೂರು ತಾಸಿನ ತಕ್ಷಣದ ಮುನ್ಸೂಚನೆ ಮತ್ತು ರಾಡಾರ್ ಚಿತ್ರ ಬೆಳಗಿನ ಯಾವ ಭವಿಷ್ಯಕ್ಕಿಂತಲೂ ಮೇಲು. ರಾಡಾರ್ ನೋಡುವವರಿಗೆ ಒಂದು ಕಿವಿಮಾತು: ಅದರ ಕಿರಣ ದೂರ ಹೋದಷ್ಟೂ ನೆಲದಿಂದ ಮೇಲೇಳುತ್ತದೆ. ಚೆನ್ನೈನ ರಾಡಾರ್ ಬೆಂಗಳೂರಿನ ಮೇಲೆ ಕಾಣುವುದು ಸುಮಾರು ಏಳೆಂಟು ಕಿಲೋಮೀಟರ್ ಎತ್ತರದ ಮೋಡವನ್ನು. ಎತ್ತರದ ಗುಡುಗುಮೋಡ ಅದಕ್ಕೆ ಸಿಗುತ್ತದೆ, ಕುಳ್ಳಗಿನ ಮಳೆಮೋಡ ತಪ್ಪಿಸಿಕೊಳ್ಳುತ್ತದೆ. ಚಿತ್ರದಲ್ಲಿ ಬಣ್ಣವಿಲ್ಲ ಎಂದು ಕೊಡೆ ಬಿಟ್ಟು ಹೊರಡಬೇಡಿ. ಸಿಡಿಲಿಗಂತೂ ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ, ಮೂರರಿಂದ ಭಾಗಿಸಿ; ಬಂದದ್ದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿತೆಂದರೆ ಹೊಲ, ಮಹಡಿ, ಮರದಡಿ ಬಿಟ್ಟು ಒಳಗೆ ಸೇರಬೇಕು. ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಹೊರಬರಬಾರದು.

ಈ ಮಳೆಯ ನಿಜವಾದ ರಸಿಕರನ್ನು ನೋಡಬೇಕೆಂದರೆ ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆಯ ಕಡೆಗೆ ಹೋಗಬೇಕು. ಕಾಫಿ ಬೆಳೆಗಾರರು ಇಂದಿಗೂ ಮಳೆಯನ್ನು ಇಂಚು-ಸೆಂಟುಗಳಲ್ಲಿ ಅಳೆಯುತ್ತಾರೆ. ನೂರು ಸೆಂಟು ಒಂದು ಇಂಚು, ಅಂದರೆ 25.4 ಮಿ.ಮೀ. ಮಾರ್ಚ್ ಬಂತೆಂದರೆ ಫೋನಿನಲ್ಲಿ ಕ್ಷೇಮ ಸಮಾಚಾರಕ್ಕೂ ಮೊದಲ ಪ್ರಶ್ನೆ ‘ನಿಮ್ಮಲ್ಲಿ ಎಷ್ಟು ಸೆಂಟು?’ ಗಿಡದಲ್ಲಿ ಮೊಗ್ಗು ಕಟ್ಟಿ, ಬಾಯಾರಿಕೆಯಲ್ಲಿ ನಿದ್ದೆಹೋಗಿರುತ್ತದೆ. ಒಂದು ಇಂಚಿನಿಂದ ಒಂದೂವರೆ ಇಂಚಿನ ಹೂಮಳೆ ಒಂದೇ ಪೆಟ್ಟಿಗೆ ಬಿದ್ದರೆ ಎಂಟು-ಹತ್ತು ದಿನದಲ್ಲಿ ಇಡೀ ತೋಟ ಬೆಳ್ಳಗಾಗುತ್ತದೆ. ಅರ್ಧ ಇಂಚಿಗೂ ಕಡಿಮೆ ಬಿದ್ದರೆ ಮಳೆ ಬಾರದೇ ಇದ್ದದ್ದಕ್ಕಿಂತ ಕಷ್ಟ. ಮೊಗ್ಗು ಅರ್ಧ ಎಚ್ಚರಗೊಂಡು, ಅರಳಲಾರದೆ ಕೆಡುತ್ತದೆ. ಸರಿಯಾಗಿ ಅರಳಿದ ದಿನವೇ ಇನ್ನೊಂದು ಮಳೆ ಬಂದರೂ ನಷ್ಟ, ಏಕೆಂದರೆ ರೋಬಸ್ಟಾ ತನ್ನದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ. ಗಾಳಿ ಮತ್ತು ಜೇನ್ನೊಣ ಬೇರೆ ಗಿಡದ ಪರಾಗ ತರಬೇಕು. ಅದು ಮುಗಿದು ಎರಡು-ಮೂರು ವಾರದಲ್ಲಿ ‘ಬ್ಯಾಕಿಂಗ್’ ಮಳೆ ಬಂದರೆ ಕಾಯಿ ನಿಲ್ಲುತ್ತದೆ. ಮಳೆ ಎಷ್ಟು, ಯಾವಾಗ, ಮತ್ತೆ ಎಷ್ಟು ದಿನ ಬಿಟ್ಟು ಎಂಬ ಮೂರೂ ಕೂಡಿಬಂದರೆ ಮಾತ್ರ ಮುಂದಿನ ಫಸಲು. ಸ್ಪ್ರಿಂಕ್ಲರ್ ಇದ್ದವರು ರೋಬಸ್ಟಾಗೆ ತಾವೇ ಹೂಮಳೆ ಕೊಡುತ್ತಾರೆ. ಅವರ ಪಾಲಿಗೂ ಮುನ್ಸೂಚನೆ ದುಡ್ಡಿನ ಮಾತು: ಒಂದು ಎಕರೆಗೆ ಒಂದು ಇಂಚು ನೀರೆಂದರೆ ಒಂದು ಲಕ್ಷ ಲೀಟರಿಗೂ ಮೇಲೆ. ಮೂರು ದಿನದಲ್ಲಿ ಮಳೆ ಬರುವುದಿದ್ದರೆ ಕೆರೆಯ ನೀರನ್ನೂ ಡೀಸೆಲ್ಲನ್ನೂ ಸುಮ್ಮನೆ ಯಾರು ಸುಡುತ್ತಾರೆ?

ಅದೇ ಮಳೆ ಎಲ್ಲರಿಗೂ ಅಮೃತವಲ್ಲ. ವಿಜಯಪುರದ ತಿಕೋಟಾ ಕಡೆ ಇದೇ ದಿನಗಳಲ್ಲಿ ದ್ರಾಕ್ಷಿ ಒಣಗುತ್ತಿರುತ್ತದೆ. ಅಲ್ಲಿನವರ ಬಾಯಲ್ಲಿ ಇದು ಅಡ್ಡಮಳೆ. ಒಂದು ಸಂಜೆಯ ತೇವ ಸಾಕು, ಒಣದ್ರಾಕ್ಷಿಯ ಬಣ್ಣ ಕೆಟ್ಟು ಧಾರಣೆ ಇಳಿಯುತ್ತದೆ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲಗಳ ಮೇಲೆ ತಾಡಪಾಲು ಹೊದಿಸುವ ಓಟ ಶುರುವಾಗುತ್ತದೆ. ಶ್ರೀನಿವಾಸಪುರದ ಮಾವಿನ ತೋಟದವರು ಹದವಾದ ಮಳೆಯನ್ನು ಬೇಡಿಕೊಳ್ಳುತ್ತಾರೆ, ಅದರ ಮುಂದೆ ಓಡಿಬರುವ ಬಿರುಗಾಳಿಯನ್ನೂ ಆಲಿಕಲ್ಲನ್ನೂ ಶಪಿಸುತ್ತಾರೆ. ಒಂದೇ ಟ್ರಫ್, ಒಂದೇ ವಾರ, ಒಂದು ಜಿಲ್ಲೆಗೆ ಹಬ್ಬ, ಇನ್ನೊಂದಕ್ಕೆ ದಂಡ. ಟಿ.ವಿ.ಯಲ್ಲಿ ‘ಬಿಸಿಲಿನಿಂದ ಬಳಲಿದ ಜನರಿಗೆ ತಂಪೆರೆದ ಮಳೆರಾಯ’ ಎಂದು ಪ್ರತಿವರ್ಷ ಓದುವವರು ಈ ಲೆಕ್ಕವನ್ನೂ ಓದಿದ್ದರೆ ಚೆನ್ನಾಗಿತ್ತು.

ಹಿರಿಯರು ಇದನ್ನು ನಕ್ಷತ್ರಗಳ ಲೆಕ್ಕದಲ್ಲಿ ಓದುತ್ತಿದ್ದರು, ಈಗಲೂ ಹಳ್ಳಿಗಳಲ್ಲಿ ಓದುತ್ತಾರೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಸುಮಾರು ಹದಿಮೂರೂವರೆ ದಿನ ಇರುತ್ತಾನೆ. ಏಪ್ರಿಲ್ ನಡುವೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ 11ರ ಸುಮಾರಿಗೆ ಕೃತ್ತಿಕೆ, 25ರ ಹೊತ್ತಿಗೆ ರೋಹಿಣಿ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ, ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಎಂಬ ಗಾದೆಗಳು ಪಂಚಾಂಗಕ್ಕಿಂತ ಹೊಲದ ಅನುಭವದಿಂದ ಬಂದವು. ಭರಣಿಯ ಹದಕ್ಕೆ ಮಾಗಿ ಉಳುಮೆಯ ಹೆಂಟೆ ಒಡೆಯುತ್ತದೆ, ಕಳೆ ಮೊಳೆತು ಮುಂದಿನ ಉಳುಮೆಗೆ ಸಾಯುತ್ತದೆ, ಬಿತ್ತನೆಗೆ ನೆಲ ಸಿದ್ಧವಾಗುತ್ತದೆ. ರಸಿಕರು ಗಮನಿಸಬೇಕಾದ ಒಂದು ಸೂಕ್ಷ್ಮ ಇಲ್ಲಿದೆ. ಮಳೆ ನಡೆಯುವುದು ಋತುವಿನ ಗಡಿಯಾರದಲ್ಲಿ, ನಕ್ಷತ್ರ ನಡೆಯುವುದು ತಾರೆಗಳ ಗಡಿಯಾರದಲ್ಲಿ. ಭೂಮಿಯ ಅಕ್ಷ ಬುಗುರಿಯಂತೆ ವಾಲುವುದರಿಂದ ಇವೆರಡರ ನಡುವೆ ಸುಮಾರು ಎಪ್ಪತ್ತು ವರ್ಷಕ್ಕೊಂದು ದಿನದ ಅಂತರ ಬೀಳುತ್ತದೆ. ಸಾವಿರ ವರ್ಷಕ್ಕೆ ಹತ್ತಿರ ಹತ್ತಿರ ಒಂದು ನಕ್ಷತ್ರದಷ್ಟು. ಕಲ್ಯಾಣದ ಚಾಲುಕ್ಯರ ಕಾಲದ ರೈತ ಭರಣಿ ಎಂದು ಕರೆದ ಮಳೆ ಋತುವಿನ ಲೆಕ್ಕದಲ್ಲಿ ನಮ್ಮ ಅಶ್ವಿನಿಯ ದಿನಗಳದ್ದು. ಗಾದೆಯನ್ನು ಗೌರವಿಸೋಣ, ಆದರೆ ತಾರೀಖಿನ ವಿಷಯಕ್ಕೆ ಅದನ್ನು ಸಾಕ್ಷಿಕಟ್ಟೆಗೆ ಎಳೆಯುವುದು ಬೇಡ.

ಸರಾಸರಿಯ ಅಂಕಿಗಳನ್ನೂ ಅಷ್ಟೇ ಎಚ್ಚರದಿಂದ ನೋಡಬೇಕು. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ನಗರ ವೀಕ್ಷಣಾಲಯದ ಮಳೆಮಾಪಕಕ್ಕೆ ಇಡೀ ತಿಂಗಳು ಲೆಕ್ಕಕ್ಕೆ ಸಿಗುವ ಹನಿ ಬೀಳಲಿಲ್ಲ. 41 ವರ್ಷಗಳಲ್ಲಿ ಹಾಗಾದದ್ದು ಅದೇ ಮೊದಲು. ತಿಂಗಳ ಕೊನೆಗೆ ಉಷ್ಣಾಂಶ 38.5 ಡಿಗ್ರಿ ಮುಟ್ಟಿತು. ಅದೇ ಮಾಪಕ ಜೂನ್ 2ರಂದು ಒಂದೇ ದಿನದಲ್ಲಿ 111.1 ಮಿ.ಮೀ. ತೋರಿಸಿ, 1891ರ ಜೂನ್‌ನಲ್ಲಿ ದಾಖಲಾಗಿದ್ದ 101.6 ಮಿ.ಮೀ.ನ ದಾಖಲೆಯನ್ನು ಮುರಿಯಿತು. ಈ ಎರಡರ ಸರಾಸರಿ ತೆಗೆದು ‘ವಾಡಿಕೆ ಮಳೆ’ ಎಂದರೆ ಅದರಿಂದ ಬಾಯಾರಿದ ಏಪ್ರಿಲ್‌ಗೂ ಪ್ರಯೋಜನವಿಲ್ಲ, ಮುಳುಗಿದ ಜೂನ್‌ಗೂ ಸಮಾಧಾನವಿಲ್ಲ. ಮರುವರ್ಷ ಮುಂಗಾರು ಜೂನ್ 1ರ ವಾಡಿಕೆ ಬಿಟ್ಟು ಮೇ 24ಕ್ಕೇ ಕೇರಳ ಮುಟ್ಟಿತು. ಬೇಸಿಗೆ ಮಳೆಯ ಕೊನೆಯ ಅಧ್ಯಾಯವನ್ನು ಓದಿ ಮುಗಿಸಲೂ ಬಿಡಲಿಲ್ಲ.

ಹಾಗಾಗಿ ಈ ಹವ್ಯಾಸಕ್ಕೆ ಬೇಕಾದ ಒಂದೇ ಸಲಕರಣೆ ನಿಮ್ಮದೇ ಮಳೆಮಾಪಕ. ಈ ಮಾತನ್ನು ನಮ್ಮ ರಾಜ್ಯ ಬಹಳ ಮೊದಲೇ ಅರಿತಿದೆ. 1988ರಲ್ಲಿ ಬರ ಪರಿವೀಕ್ಷಣೆಗೆಂದು ಆರಂಭವಾದ ಘಟಕ ಇಂದು ಯಲಹಂಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿದೆ. ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಅದು ನೆಟ್ಟಿದೆ. ಅದರ ‘ವರುಣ ಮಿತ್ರ’ ಸಹಾಯವಾಣಿಗೆ ಕರೆ ಮಾಡಿದರೆ ಹೋಬಳಿಯ ಮಟ್ಟದಲ್ಲಿ ಮಾತನಾಡುತ್ತಾರೆ. ಜಿಲ್ಲೆಗೊಂದು ಸಾಲು ಓದಿ ನಿರಾಶರಾದವರು ಅತ್ತ ತಿರುಗಲಿ. ಆದರೂ ಪಂಚಾಯಿತಿಯ ಮಾಪಕಕ್ಕೂ ನಿಮ್ಮ ಹಿತ್ತಿಲಿಗೂ ನಡುವೆ ಒಂದು ಗುಡ್ಡ ಇರಬಹುದು, ಒಂದು ಮೋಡದ ಅಂಚು ಇರಬಹುದು.

ಮನೆಯಲ್ಲೇ ಮಾಪಕ ಮಾಡುವುದು ಸುಲಭ. ಬಾಯಿಯ ವ್ಯಾಸ 11.3 ಸೆಂ.ಮೀ. ಇರುವ ಆಲಿಕೆ ಹುಡುಕಿ. ಅದರ ಬಾಯಿಯ ವಿಸ್ತೀರ್ಣ ಹೆಚ್ಚುಕಡಿಮೆ 100 ಚದರ ಸೆಂ.ಮೀ. ಅದನ್ನು ಬಾಟಲಿಗೆ ಸಿಕ್ಕಿಸಿ, ಅಲುಗದಂತೆ ನಿಲ್ಲಿಸಿ. ಔಷಧಿಯ ಅಳತೆ ಲೋಟದಲ್ಲಿ ಸುರಿದಾಗ ಬಂದ ಪ್ರತಿ 10 ಮಿ.ಲೀ. ನೀರಿಗೆ 1 ಮಿ.ಮೀ. ಮಳೆ. ಆಲಿಕೆಯ ಅಂಚು ನೆಲದಿಂದ ಒಂದು ಅಡಿ ಎತ್ತರದಲ್ಲಿರಲಿ, ಪಕ್ಕದ ಗೋಡೆ ಅಥವಾ ಮರ ಅಂಚಿಗಿಂತ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟಾದರೂ ದೂರವಿರಲಿ. ನಗರದಲ್ಲಿ ಮಹಡಿಯೇ ಗತಿಯಾದರೆ ನಡುವಿನಲ್ಲಿಡಿ, ಪ್ಯಾರಾಪೆಟ್ ಗೋಡೆಗೆ ಒತ್ತಿ ಇಡಬೇಡಿ. ಗಾಳಿಯ ಸುಳಿ ಹನಿಗಳನ್ನು ಹಾರಿಸಿಕೊಂಡು ಹೋಗುತ್ತದೆ. ಆಲಿಕಲ್ಲು ಬಿದ್ದರೆ ಕರಗಲು ಬಿಟ್ಟು ಅಳೆಯಿರಿ.

ಬೆಳಗ್ಗೆ 8.30ಕ್ಕೆ ಅಳೆದು ಮೂರು ಕಾಲಂ ಬರೆಯಿರಿ: ಮುನ್ಸೂಚನೆ ಬಳಸಿದ ಪದ, ನಿಮ್ಮಲ್ಲಿ ಬಿದ್ದ ಮಿ.ಮೀ., ಮಳೆ ಬಂದ ದಿಕ್ಕು. ಮೇ ಮುಗಿಯುವಷ್ಟರಲ್ಲಿ ‘ಒಂದೆರಡು ಕಡೆ’ ಎಂದ ದಿನಗಳಲ್ಲಿ ನಿಮ್ಮ ಮನೆಯ ಪಾಲು ಎಷ್ಟು, ‘ಹಲವೆಡೆ’ ಎಂದ ದಿನಗಳಲ್ಲಿ ಎಷ್ಟು ಎಂಬುದು ನಿಮ್ಮ ಕೈಯಲ್ಲೇ ಇರುತ್ತದೆ. ಯಾವ ಆ್ಯಪ್ ಕೂಡ ನಿಮಗೆ ಅದನ್ನು ಕೊಡಲಾರದು. ಮಳೆ ಬಾರದ ದಿನ ಪುಸ್ತಕ ತೆರೆಯದೇ ಇರಬೇಡಿ. ಬಿದ್ದ ಮಳೆ ಊರಿಗೆಲ್ಲ ನೆನಪಿರುತ್ತದೆ, ಬೀಳದ ದಿನಗಳ ಲೆಕ್ಕ ಇಡುವವರು ಕಡಿಮೆ. ಸೊನ್ನೆಯನ್ನೂ ಬರೆಯಿರಿ, ಮುನ್ಸೂಚನೆ ನಿಜವೋ ಸುಳ್ಳೋ ಎಂದು ತೀರ್ಪು ಕೊಡುವ ಹಕ್ಕು ಆಮೇಲೆ ನಿಮ್ಮದು.